ಟೈಲ್ಸ್ ಕಾಯಲಿ, ಮೋಲ್ಡ್ ಕಾಯದು

ಹಳೇ ಮನೆ ರಿಪೇರಿಗೆ ಎಷ್ಟಾಗುತ್ತೆ ಎಂದು ಕೇಳಿದರೆ ಮೇಸ್ತ್ರಿಗಳು ಚದರಡಿ ಲೆಕ್ಕ ಹೇಳುತ್ತಾರೆ. ಹೊಸ ಮನೆಗೆ ಆ ಲೆಕ್ಕ ಸರಿ. ಕಳಪೆಯಾಗಿ ಕಟ್ಟಿದ ಮನೆಯಲ್ಲಿ ಅದು ನಡೆಯುವುದಿಲ್ಲ, ಏನೇನು ಕೆಟ್ಟಿದೆ ಎಂಬುದು ಅಲ್ಲಿ ಒಡೆದ ಮೇಲೆಯೇ ಗೊತ್ತಾಗುವುದು. ಅದಕ್ಕೇ ಮೊದಲ ಖರ್ಚು ತಪಾಸಣೆಗೆ.

ತುಮಕೂರಿನಲ್ಲಿ ನಮ್ಮಪ್ಪ ಕಟ್ಟಿಸಿದ ಮನೆ ಅಂಥದ್ದೇ. ಬಚ್ಚಲುಮನೆಯ ಮೋಲ್ಡ್ ಕೆಳಗೆ ಅಂಗೈಯಗಲ ಪ್ಲಾಸ್ಟರಿಂಗ್ ಉಬ್ಬಿತ್ತು. ‘ಪುಟ್ಟಿ ಹಾಕಿ ಪೇಂಟ್ ಹೊಡೆದ್ರೆ ಗೊತ್ತೇ ಆಗಲ್ಲ ಸಾರ್’ ಎಂದರು ಒಬ್ಬ ಕಾಂಟ್ರ್ಯಾಕ್ಟರು. ಫೀಸು ಕೊಟ್ಟು ಕರೆಸಿದ ಸ್ಟ್ರಕ್ಚರಲ್ ಎಂಜಿನಿಯರು ಸುತ್ತಿಗೆಯಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂತು. ಕೆತ್ತಿಸಿದರೆ ಕಂಬಿ ಕಾಣಿಸಿತು, ಮುಟ್ಟಿದ್ದೇ ತಡ ತುಕ್ಕು ಪದರಪದರವಾಗಿ ಉದುರಿತು. ಕಂಬಿಯ ಕೆಳಗೆ ಸಾಮಾನ್ಯವಾಗಿ ಸುಮಾರು 20 ಮಿ.ಮೀ. ಕಾಂಕ್ರೀಟ್ ಇರಬೇಕು. ಇಲ್ಲಿ ಅದರ ಅರ್ಧವೂ ಇರಲಿಲ್ಲ. ತುಕ್ಕು ಹಿಡಿದ ಕಬ್ಬಿಣ ಹಿಗ್ಗಿ ಕಾಂಕ್ರೀಟನ್ನೇ ಸೀಳುತ್ತದೆ. ಅದರ ಮೇಲೆ ಪುಟ್ಟಿ ಬಳಿದರೆ ಆ ದುಡ್ಡು ನೀರಿಗೆ ಹಾಕಿದ ಹಾಗೆ.

ವರದಿ ಕೈಗೆ ಬಂದ ಮೇಲೆ ಕೆಲಸವನ್ನು ಮೂರು ಪಾಲು ಮಾಡಿದೆವು. ಮೊದಲು ಮೋಲ್ಡ್, ಬಿರುಕು, ತಾರಸಿಯ ಇಳಿಜಾರು. ಆಮೇಲೆ ಗೋಡೆಯೊಳಗಿನ ಪೈಪು, ವೈರಿಂಗ್, ಅರ್ಥಿಂಗ್. ಕೊನೆಗೆ ಟೈಲ್ಸ್, ಕಪಾಟು, ಪೇಂಟ್. ಅಂದಾಜಿನ ಮೇಲೆ ಐದನೇ ಒಂದು ಪಾಲು ಎತ್ತಿಟ್ಟಿದ್ದೆವು. ಪೈಪುಗಳನ್ನು ಬಿಚ್ಚಿಸುವಷ್ಟರಲ್ಲಿ ಅದೂ ಕರಗಿತು, ಹಾಗಾಗಿ ಮೂರನೇ ಪಾಲು ಮುಂದಕ್ಕೆ ಹೋಯಿತು. ಗ್ರಾನೈಟ್ ಕಟ್ಟೆ ಬೇಕೆಂದಿದ್ದ ಅಮ್ಮ ಗೊಣಗುತ್ತಲೇ ಹಳೇ ಕಡಪ ಕಲ್ಲಿನ ಮೇಲೆ ಅಡುಗೆ ಮುಂದುವರಿಸಿದರು. ಬಿಲ್ಲಿನ ದುಡ್ಡು ಕೊಟ್ಟದ್ದು ಅಳತೆ ಹಿಡಿದ ಮೇಲೆಯೇ. ಶೇ 10ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವುದಾಗಿ ಕರಾರಿನಲ್ಲೇ ಬರೆಸಿದ್ದೆವು.

ರಿಪೇರಿಗೆ ಸಾಲ ತೆಗೆಯುವುದಾದರೆ ಇನ್ನೊಂದು ತೊಡಕಿದೆ. ಕುಟುಂಬದ ಮನೆ ಸಾಮಾನ್ಯವಾಗಿ ಅಪ್ಪನ ಹೆಸರಿನಲ್ಲಿರುತ್ತದೆ, ಕಂತು ಕಟ್ಟುವವರು ಮಕ್ಕಳು. ಮನೆಯ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ ಬ್ಯಾಂಕು ಮಾಲೀಕರನ್ನೂ ಸಾಲಕ್ಕೆ ಸೇರಿಸಿಕೊಳ್ಳುತ್ತದೆ. ಸ್ವಂತ ವಾಸದ ಮನೆಯ ರಿಪೇರಿ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ ಗರಿಷ್ಠ 30,000 ರೂಪಾಯಿ ವಿನಾಯಿತಿ ಉಂಟು, ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಅದು ಸಿಗುವುದು ಮಾಲೀಕರಿಗೆ ಮಾತ್ರ, ಅಪ್ಪನ ಮನೆಗೆ ಕಂತು ಕಟ್ಟುವ ಮಗನಿಗೋ ಮಗಳಿಗೋ ಅಲ್ಲ. ಹೆಚ್ಚು ಹಣ ಹಾಕಿದ ಮಾತ್ರಕ್ಕೆ ನಾಳೆ ಆಸ್ತಿಯಲ್ಲಿ ಹೆಚ್ಚು ಪಾಲೂ ಬರುವುದಿಲ್ಲ. ಯಾರು ಎಷ್ಟು ಹಾಕಿದೆವು, ಅದು ಸಾಲವೋ ಕೊಡುಗೆಯೋ ಎಂದು ನಾನು, ಅಕ್ಕ, ತಮ್ಮ ಅಪ್ಪನ ಎದುರಿಗೇ ಕೂತು ಬರೆದುಕೊಂಡೆವು. ಮಾತು ಶುರುವಾಗುವಾಗ ಎಲ್ಲರಿಗೂ ಮುಜುಗರವಿತ್ತು. ಈಗ ಆ ಕಾಗದ ಇರುವುದರಿಂದಲೇ ಹಬ್ಬಕ್ಕೆ ಸೇರಿದಾಗ ದುಡ್ಡಿನ ಮಾತು ಏಳುವುದಿಲ್ಲ.

ಬಿಲ್ಲುಗಳನ್ನೂ ಜೋಪಾನ ಮಾಡಿ. ಮುಂದೆ ಮನೆ ಮಾರಿದರೆ, ಮನೆಯನ್ನು ಸುಧಾರಿಸಲು ಹಾಕಿದ ಬಂಡವಾಳವನ್ನು ತೆರಿಗೆ ಲೆಕ್ಕದಲ್ಲಿ ಲಾಭದಿಂದ ಕಳೆಯಬಹುದು. ಸುಣ್ಣಬಣ್ಣದಂಥ ನಿರ್ವಹಣೆ ಖರ್ಚಿಗೆ ಆ ಅವಕಾಶವಿಲ್ಲ.

ಪಾಯವೇ ಕುಸಿಯುತ್ತಿದೆ ಎಂದು ವರದಿ ಬಂದಿದ್ದರೆ ನಾವು ರಿಪೇರಿಗೆ ಕೈಹಾಕುತ್ತಲೇ ಇರಲಿಲ್ಲ, ಕೆಡವಿ ಕಟ್ಟುವುದೇ ಲೇಸಾಗುತ್ತಿತ್ತು. ಆ ತೀರ್ಮಾನ ಮೇಸ್ತ್ರಿಗೆ ಅಡ್ವಾನ್ಸ್ ಕೊಡುವ ಮುಂಚೆ ಆಗಬೇಕು. ಅಡ್ವಾನ್ಸ್ ಕೊಟ್ಟಮೇಲೆ ‘ಇಷ್ಟು ಹಾಕಿದ್ದೀವಲ್ಲ’ ಎಂಬ ಒಂದೇ ಮಾತು ಮಿಕ್ಕ ದುಡ್ಡನ್ನೂ ಎಳೆದುಕೊಂಡು ಹೋಗುತ್ತದೆ.