ಬೂದಿದಿಬ್ಬದ ಪುಟದಲ್ಲಿ ಜಗಳವೇ? ಹೀಗೆ ಬಗೆಹರಿಸಿ

ಬಳ್ಳಾರಿ ಸಮೀಪದ ಕುಡತಿನಿಯ ಬೂದಿದಿಬ್ಬ ಹೇಗೆ ಹುಟ್ಟಿತು? ರಾಕ್ಷಸನನ್ನು ಸುಟ್ಟ ಬೂದಿ ಎನ್ನುತ್ತದೆ ಊರ ಕಥೆ. ನವಶಿಲಾಯುಗದ ದನಗಾಹಿಗಳ ಸಗಣಿ ಸುಟ್ಟು ಉಳಿದದ್ದು ಎನ್ನುತ್ತದೆ ಪುರಾತತ್ತ್ವ. ಈ ಎರಡು ಮಾತಿನ ಇಬ್ಬರು ವಿಕಿಪೀಡಿಯದ ಒಂದೇ ಪುಟ ತಿದ್ದಲು ಕೂತರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಾರೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು, ಹಾಗಾಗಿ ತಕರಾರು ಸಹಜ. ಅದನ್ನು ಬಗೆಹರಿಸುವ ಕ್ರಮ ಇಲ್ಲಿದೆ.

1. ಇತಿಹಾಸ ನೋಡಿ
ಪುಟದ ಮೇಲಿರುವ ‘ಇತಿಹಾಸ’ ಒತ್ತಿ. ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬುದೆಲ್ಲ ಅಲ್ಲಿರುತ್ತದೆ. ಅಳಿಸಿದವರು ಕಾರಣವನ್ನೂ ಬರೆದಿರಬಹುದು. ಎಷ್ಟೋ ಸಲ ಅವರ ತಕರಾರು ವಿಷಯದ ಮೇಲಲ್ಲ, ಆಕರ ಕೊಡದಿರುವುದರ ಮೇಲೆ.

2. ಅಳಿಸಾಟ ನಿಲ್ಲಿಸಿ
ನೀವು ಬರೆದದ್ದನ್ನು ಒಮ್ಮೆ ತೆಗೆದರೆ ಮತ್ತೆ ಹಾಕಬೇಡಿ. ‘ಚರ್ಚೆ’ ಪುಟಕ್ಕೆ ಹೋಗಿ ವಾದ ಮಂಡಿಸಿ, ಕೊನೆಗೆ ಸಹಿ ಹಾಕಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ಬದಲಾವಣೆ ರದ್ದು ಮಾಡಿದರೆ ಖಾತೆಗೆ ತಡೆ ಬೀಳಬಹುದು. ಬರಹದ ಬಗ್ಗೆ ಮಾತಾಡಿ, ಬರೆದವರ ಜಾತಿ, ಪಕ್ಷ, ಊರು ಎತ್ತಬೇಡಿ.

3. ಆಕರ ತೂಗಿ
‘ನಮ್ಮಜ್ಜ ಹೇಳುತ್ತಿದ್ದರು’ ಎಂಬುದು ಆಕರವಾಗದು. ನೀವೇ ದಿಬ್ಬ ಅಗೆದು ಕಂಡದ್ದೂ ಆಗದು. ವಿಕಿಪೀಡಿಯದಲ್ಲಿ ಸ್ವಂತ ಸಂಶೋಧನೆಗೆ ಜಾಗವಿಲ್ಲ. ಜಿಲ್ಲಾ ಗ್ಯಾಸೆಟಿಯರ್, ಪ್ರಕಟಿತ ಶಾಸನ ಸಂಪುಟ, ವಿಶ್ವವಿದ್ಯಾಲಯದ ಪುಸ್ತಕ, ಹೆಸರಾಂತ ಪತ್ರಿಕೆಯ ವರದಿ ನಡೆಯುತ್ತವೆ. ಪುಸ್ತಕವಾದರೆ ಲೇಖಕ, ಪ್ರಕಾಶಕ, ವರ್ಷ, ಪುಟಸಂಖ್ಯೆ ಕೊಡಿ. ಒಂದು ಎಚ್ಚರಿಕೆ: ಕೆಲವು ಸ್ಮರಣ ಸಂಚಿಕೆಗಳು ವಿಕಿಪೀಡಿಯದಿಂದಲೇ ನಕಲು ಮಾಡಿರುತ್ತವೆ. ಅವನ್ನೇ ಸಾಕ್ಷಿಗೆ ತಂದರೆ ವಿಕಿಪೀಡಿಯ ತನಗೆ ತಾನೇ ಸಾಕ್ಷಿ ಹೇಳಿದಂತೆ.

4. ಪ್ರತಿ ಮಾತಿಗೆ ಅದರ ಜಾಗ ಕೊಡಿ
ತಟಸ್ಥವಾಗಿ ಬರೆಯುವುದೆಂದರೆ ಎರಡೂ ಕಡೆಗೆ ಅರ್ಧರ್ಧ ಹಂಚುವುದಲ್ಲ. ಬೂದಿದಿಬ್ಬಗಳ ಮೂಲ ಸಗಣಿ ಎಂದು 19ನೇ ಶತಮಾನದಲ್ಲೇ ರಾಬರ್ಟ್ ಬ್ರೂಸ್ ಫೂಟ್ ವಾದಿಸಿದ್ದರು. 1960ರಲ್ಲಿ ಎಫ್.ಇ. ಝೊಯ್ನರ್ ಬೂದಿಯ ಪರೀಕ್ಷೆಯಿಂದ ಅದನ್ನು ಬಲಪಡಿಸಿದರು. ಎಫ್.ಆರ್. ಆಲ್ಚಿನ್ 1963ರ ಪುಸ್ತಕದಲ್ಲಿ ಈ ದಿಬ್ಬಗಳನ್ನು ದನಗಾಹಿಗಳ ದೊಡ್ಡಿಗಳೊಂದಿಗೆ ಜೋಡಿಸಿದರು. ಮುಖ್ಯ ಭಾಗದಲ್ಲಿ ಇದೇ ಬರಲಿ. ಸಗಣಿಯನ್ನು ಏಕೆ ಸುಟ್ಟರು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಲ್ಲಿ ಯಾವ ಅಭಿಪ್ರಾಯ ಯಾರದೆಂದು ಹೆಸರು ಹೇಳಿ ಬರೆಯಿರಿ. ರಾಕ್ಷಸನ ಕಥೆಯನ್ನು ತೆಗೆದುಹಾಕಬೇಕಿಲ್ಲ. ಮುದ್ರಿತ ಆಕರ ಹುಡುಕಿ ‘ಐತಿಹ್ಯ’ ಎಂಬ ಉಪಶೀರ್ಷಿಕೆಯಡಿ ಕೊಡಿ.

5. ಅಂಕಿಗೆ ಇಸವಿ ಸೇರಿಸಿ
ಕುಡತಿನಿಯ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಸಾಮರ್ಥ್ಯ ಒಂದು ಕಡೆ 500 ಮೆಗಾವಾಟ್, ಇನ್ನೊಂದು ಕಡೆ 1,000, ಮತ್ತೊಂದು ಕಡೆ 1,700 ಎಂದಿದ್ದರೆ ಮೂರೂ ಸರಿಯಿರಬಹುದು. ತಲಾ 500ರ ಎರಡು ಘಟಕ, ಆಮೇಲೆ 700ರ ಒಂದು ಘಟಕ ಸೇರಿದ್ದರಿಂದ ಅಂಕಿ ಬೆಳೆದಿದೆ. ಜಿಲ್ಲೆಯ ಗಡಿಯೂ ಅಷ್ಟೇ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ್ದರಿಂದ 2011ರ ಜನಗಣತಿಯ ಬಳ್ಳಾರಿ ಇಂದಿನ ಬಳ್ಳಾರಿಯಲ್ಲ.

6. ನಿಮ್ಮ ನಂಟು ಹೇಳಿ
ಭೂಸ್ವಾಧೀನದಂಥ ಕಾವೇರಿದ ವಿಷಯದಲ್ಲಿ ನೀವು ಭೂಮಿ ಪಡೆದ ಕಂಪನಿಯ ನೌಕರರೋ ಭೂಮಿ ಕೊಟ್ಟ ರೈತರೋ ಆಗಿದ್ದರೆ ಚರ್ಚಾಪುಟದಲ್ಲಿ ತಿಳಿಸಿ. ನೇರವಾಗಿ ತಿದ್ದದೆ ಅಲ್ಲೇ ಸಲಹೆ ಕೊಡಿ. ಸಂಬಳ ಪಡೆದು ಬರೆಯುವವರು ಅದನ್ನು ಹೇಳಲೇಬೇಕೆಂಬುದು ವಿಕಿಮೀಡಿಯದ ನಿಯಮ.

7. ಅರಳಿಕಟ್ಟೆಗೆ ಒಯ್ಯಿರಿ
ಇಬ್ಬರಲ್ಲಿ ಬಗೆಹರಿಯದಿದ್ದರೆ ಕನ್ನಡ ವಿಕಿಪೀಡಿಯದ ‘ಅರಳಿಕಟ್ಟೆ’ ಪುಟದಲ್ಲಿ ಬೇರೆ ಸಂಪಾದಕರ ಅಭಿಪ್ರಾಯ ಕೇಳಿ. ತಕರಾರಿನ ಸಾಲು, ಎರಡೂ ಕಡೆಯ ಆಕರ ಇಷ್ಟನ್ನೇ ಇಡಿ. ಅಲ್ಲಿ ತಲೆ ಎಣಿಕೆಗಿಂತ ವಾದದ ಬಲಕ್ಕೆ ಬೆಲೆ. ಬೈಗುಳ, ಹಾಳುಗೆಡವುವಿಕೆ ಮುಂದುವರಿದರೆ ಮಾತ್ರ ನಿರ್ವಾಹಕರಿಗೆ ದೂರು ಕೊಡಿ. ಪುಟಕ್ಕೆ ಬೀಗ ಹಾಕುವ, ಖಾತೆ ತಡೆಯುವ ಅಧಿಕಾರ ಅವರಿಗಿದೆ. ಆದರೆ ಯಾವ ವಾದ ಸರಿ ಎಂದು ತೀರ್ಪು ಕೊಡುವುದು ಅವರ ಕೆಲಸವಲ್ಲ.

ನಿಮ್ಮೂರಿನ ಪುಟದಲ್ಲಿ ತಪ್ಪು ಕಂಡರೆ ಅಳಿಸುವ ಮೊದಲು ಹತ್ತಿರದ ಗ್ರಂಥಾಲಯದಲ್ಲಿ ಗ್ಯಾಸೆಟಿಯರ್ ತೆಗೆದು ನೋಡಿ, ಪುಟಸಂಖ್ಯೆ ಬರೆದುಕೊಂಡು ಚರ್ಚೆಗೆ ಬನ್ನಿ.