ಕೂಸಿನ ಇಸಬೂ ಅದನ್ನು ಶಮನಮಾಡುವ ಲೇಪವೂ

ಕೆಲವು ಕೂಸುಗಳಿಗೆ ಕೆನ್ನೆಗಳ ಮೇಲೂ ಕೈಕಾಲುಗಳ ಮೇಲೂ ಚರ್ಮವು ಕೆಂಪಾಗಿ ಒರಟಾಗುವದು. ತುರಿಕೆಯ ದೆಸೆಯಿಂದ ಅವು ರಾತ್ರಿಯೆಲ್ಲಾ ಅಳುವವು. ಇದೇ ಇಸಬು. ಆಗ ನೆರೆಯವರು ತಾಯಿಯ ಹಾಲನ್ನು ದೂಷಿಸುತ್ತಾರೆ. ತಮ್ಮ ಮಕ್ಕಳನ್ನು ದೂರ ಎಳೆದುಕೊಳ್ಳುತ್ತಾರೆ. ಇವೆರಡೂ ತಪ್ಪು. ಈ ರೋಗವು ಅಂಟುವದಿಲ್ಲ. ಮೊಲೆಹಾಲನ್ನು ಬಿಡಿಸಲೂ ಬಾರದು.

ಇದರ ಕಾರಣವೇನಂದರೆ, ಹೊರಚರ್ಮವು ದೇಹಕ್ಕೆ ಗೋಡೆಯಂತಿದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಆ ಗೋಡೆಯ ಗಾರೆಯು ಸಡಿಲವಾಗಿರುವದು. ಒಳಗಿನ ತೇವವು ಹೊರಟುಹೋಗುವದು. ಹೊರಗಿನ ಧೂಳೂ ಸಾಬೂನೂ ಒಳಹೊಕ್ಕು ಉರಿಯನ್ನು ಹುಟ್ಟಿಸುವವು. ಫಿಲಾಗ್ರಿನ್ ಎಂಬ ಸಸಾರಜನಕದ ಕೊರತೆಯು ಇದಕ್ಕೆ ಒಂದು ಕಾರಣವೆಂದು 2006ರಲ್ಲಿ ಪಂಡಿತರು ತೋರಿಸಿದರು.

ಆದಕಾರಣ ಬಿರುಕನ್ನು ಮುಚ್ಚುವದೇ ಲೇಪದ ಕೆಲಸ. ಕೂಸನ್ನು ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷ ಸ್ನಾನಮಾಡಿಸಿ, ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರಸಿ, ಮೈ ಇನ್ನೂ ಹಸಿಯಾಗಿರುವಾಗಲೇ ಸುವಾಸನೆ ಬೆರೆಸದ ಪೆಟ್ರೋಲಿಯಮ್ ಜೆಲ್ಲಿಯನ್ನು ಧಾರಾಳವಾಗಿ ಹಚ್ಚತಕ್ಕದ್ದು. ದಿನಕ್ಕೆ ಎರಡು ಸಾರಿಯಾದರೂ, ಚರ್ಮವು ನೆಟ್ಟಗಾದ ಮೇಲೆಯೂ, ಬಿಡದೆ ಹಚ್ಚಬೇಕು. ಇದು ರೋಗವನ್ನು ಬೇರುಸಹಿತ ಕೀಳದು, ಶಮನಮಾಡುವದು. ಅನೇಕ ಮಕ್ಕಳಲ್ಲಿ ಬೆಳೆಯುತ್ತಾ ಬೆಳೆಯುತ್ತಾ ಅದು ತಾನೇ ತಗ್ಗುವದು.

ಸಂತೆಯಲ್ಲಿ ಮಾರುವ ಹೆಸರಿಲ್ಲದ ಮುಲಾಮನ್ನು ಕೊಳ್ಳಬೇಡಿರಿ. ಅಂಥವುಗಳಲ್ಲಿ ಕೆಲವು ಸಾರಿ ಬಲವಾದ ಸ್ಟೀರಾಯ್ಡ್ ಅಡಗಿದ್ದು, ಎಳೆಯ ಚರ್ಮವನ್ನು ತೆಳ್ಳಗೆ ಮಾಡುವದು. ವೈದ್ಯರು ಅಳತೆಯಿಂದ ಕೊಟ್ಟದ್ದನ್ನಾದರೋ ಅವರು ಹೇಳಿದಷ್ಟು ದಿನ ಹೆದರದೆ ಹಚ್ಚಿರಿ. ಕೀವು, ಹಳದಿ ಹಕ್ಕಳೆ, ನೀರುಗುಳ್ಳೆ, ಜ್ವರ ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಕೂಸನ್ನು ಆಸ್ಪತ್ರೆಗೆ ಒಯ್ಯಿರಿ.

ತಾಯಿಯೇ, ತಪ್ಪು ನಿನ್ನದಲ್ಲ. ಕೂಸಿನ ಉಗುರುಗಳನ್ನು ಕತ್ತರಿಸು, ಹತ್ತಿಬಟ್ಟೆಯನ್ನು ಉಡಿಸು, ಲೇಪವನ್ನು ಮರೆಯಬೇಡ.