ಕೀಲುಗೊಂಬೆಯ ಚಲನೆ: ದೋಷಶೋಧನೆ ಮತ್ತು ಸುಧಾರಣೆ

ಗಣಕಯಂತ್ರದ ಆಟಗಳು ಕಾಲಹರಣದ ಸಾಮಗ್ರಿಗಳೆಂಬ ಭಾವನೆ ಹಿರಿಯರಲ್ಲಿ ಸಾಮಾನ್ಯ. ಈ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಈ ಆಟಗಳ ಒಂದು ವರ್ಗದಲ್ಲಿ ಗೆಲುವು-ಸೋಲುಗಳಿಲ್ಲ. ಗೊತ್ತುಪಡಿಸಿದ ಗುರಿಯೂ ಇಲ್ಲ. ಮರಳಿನಲ್ಲಿ ಆಡುವ ಮಗು ತನಗೆ ತೋಚಿದುದನ್ನು ಕಟ್ಟುವಂತೆ ಆಟಗಾರರು ಇಲ್ಲಿ ತಮಗೆ ಬೇಕಾದುದನ್ನು ನಿರ್ಮಿಸಬಹುದು. ಆದುದರಿಂದಲೇ ಇವುಗಳಿಗೆ ‘ಸ್ಯಾಂಡ್‌ಬಾಕ್ಸ್’ ಆಟಗಳೆಂದು ಹೆಸರು. ಇವುಗಳಲ್ಲಿ ಪ್ರಸಿದ್ಧವಾದುದು ‘ಗ್ಯಾರಿಸ್ ಮಾಡ್’. ಗ್ಯಾರಿ ನ್ಯೂಮನ್ ಅವರು 2004ರಲ್ಲಿ ‘ಹಾಫ್-ಲೈಫ್ 2’ ಎಂಬ ಆಟಕ್ಕೆ ಪೂರಕವಾಗಿ ಇದನ್ನು ರಚಿಸಿದರು. 2006ರಲ್ಲಿ ಇದು ಪ್ರತ್ಯೇಕವಾಗಿ ಮಾರಾಟಕ್ಕೆ ಬಂದಿತು. ಇದರೊಳಗಿನ ಗೊಂಬೆಗಳಿಂದ ಕಿರುಚಿತ್ರಗಳನ್ನು ತಯಾರಿಸುವವರು ಅನೇಕರಿದ್ದಾರೆ. ಅವರು ಬಳಸುವ ಸಾಧನದಲ್ಲಿ ತೋರುವ ದೋಷಗಳು ಯಾವುವು, ಅವುಗಳ ಮೂಲವನ್ನು ಹುಡುಕುವ ಬಗೆ ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಗೊಂಬೆಯ ಸ್ವರೂಪ

‘ರ‍್ಯಾಗ್‌ಡಾಲ್’ ಎಂದರೆ ಚಿಂದಿಬಟ್ಟೆಯ ಗೊಂಬೆ. ಹಿಂದಿನ ಆಟಗಳಲ್ಲಿ ಪಾತ್ರವು ಬೀಳುವ ಬಗೆಯನ್ನು ಕಲಾವಿದರು ಮೊದಲೇ ರಚಿಸಿಡುತ್ತಿದ್ದರು. ಮೆಟ್ಟಿಲ ಮೇಲಾಗಲಿ, ಬಯಲಿನಲ್ಲಾಗಲಿ ಪತನವು ಒಂದೇ ತೆರನಾಗಿರುತ್ತಿತ್ತು. ಈ ಕೃತಕತೆಯನ್ನು ನೀಗಿಸಲು ದೇಹವನ್ನು ಗಟ್ಟಿಯಾದ ಭಾಗಗಳಾಗಿ ವಿಂಗಡಿಸಿ, ಅವುಗಳನ್ನು ಕೀಲುಗಳಿಂದ ಜೋಡಿಸಿ, ಗುರುತ್ವಾಕರ್ಷಣೆಯನ್ನೂ ತಾಕಲಾಟವನ್ನೂ ಕ್ಷಣಕ್ಷಣಕ್ಕೆ ಲೆಕ್ಕಹಾಕುವ ವಿಧಾನವು ರೂಪುಗೊಂಡಿತು. 1998ರ ‘ಟ್ರೆಸ್‌ಪಾಸರ್’ ಆಟದಲ್ಲಿ ಇದರ ಪ್ರಯತ್ನ ನಡೆದಿತ್ತು. 2000ದ ‘ಹಿಟ್‌ಮನ್’ ಆಟದಲ್ಲಿ ಬಳಸಿದ ಕ್ರಮವನ್ನು ಡೆನ್ಮಾರ್ಕಿನ ಥಾಮಸ್ ಯಾಕೋಬ್‌ಸೆನ್ ಅವರು 2001ರಲ್ಲಿ ವಿವರಿಸಿದರು. ಅಣುಗಳ ಚಲನೆಯನ್ನು ಗಣಿಸಲು ಫ್ರೆಂಚ್ ಭೌತವಿಜ್ಞಾನಿ ಲೂ ವೆರ್ಲೆ ಅವರು 1967ರಲ್ಲಿ ಬಳಸಿದ ವಿಧಾನವೇ ಅದಕ್ಕೆ ಆಧಾರ.

‘ಗ್ಯಾರಿಸ್ ಮಾಡ್’ ಆಟದ ಮಾನವಗೊಂಬೆಯಲ್ಲಿ ಇಂಥ ಗಟ್ಟಿ ಭಾಗಗಳು ಸಾಮಾನ್ಯವಾಗಿ ಸುಮಾರು 15 ಇರುತ್ತವೆ: ತಲೆ, ಎದೆ, ಸೊಂಟ, ಮತ್ತು ಕೈಕಾಲುಗಳ ಮೂರು ಮೂರು ಖಂಡಗಳು. ಬೆರಳುಗಳೂ ಮುಖಭಾವಗಳೂ ಈ ಗಣನೆಗೆ ಸೇರಿರುವುದಿಲ್ಲ.

ಸಾಧನದ ಕಾರ್ಯ

‘ಸ್ಟಾಪ್ ಮೋಷನ್ ಹೆಲ್ಪರ್’ ಮೊದಲಾದ ಸಾಧನಗಳಲ್ಲಿ ಬಳಕೆದಾರರು ಗೊಂಬೆಯನ್ನು ಒಂದು ಭಂಗಿಯಲ್ಲಿ ನಿಲ್ಲಿಸಿ ದಾಖಲಿಸುತ್ತಾರೆ. ಮುಂದೆ ಬೇರೊಂದು ಭಂಗಿಯನ್ನು ದಾಖಲಿಸುತ್ತಾರೆ. ಈ ಮುಖ್ಯ ಭಂಗಿಗಳ ನಡುವಣ ಸ್ಥಿತಿಗಳನ್ನು ಸಾಧನವೇ ಗಣಿಸಿ ತುಂಬುತ್ತದೆ. ಸೂತ್ರದ ಗೊಂಬೆಗೆ ಸೂತ್ರಧಾರನು ಒಬ್ಬನೇ. ಇಲ್ಲಿಯ ಗೊಂಬೆಗಾದರೋ ಇಬ್ಬರು: ಒಂದು ಕಡೆ ಸಾಧನ, ಇನ್ನೊಂದು ಕಡೆ ಆಟದ ಭೌತಗಣನೆ. ಇವೆರಡರ ನಡುವಣ ಅಸಮ್ಮತಿಯೂ ಸಾಧನದ ಲೆಕ್ಕದಲ್ಲಿಯ ಕೊರತೆಯೂ ದೋಷಗಳಿಗೆ ಕಾರಣ. ನೋಡುವವರ ಕಣ್ಣಿಗೆ ಮಾತ್ರ ಎಲ್ಲವೂ ಗೊಂಬೆಯ ದೋಷದಂತೆಯೇ ಕಾಣುತ್ತವೆ.

ದೋಷಗಳು ಮತ್ತು ಕಾರಣಗಳು

ಮೊದಲನೆಯದು ನಡುಕ. ಸಾಧನವು ಮೊಣಕೈಯನ್ನು ಒಂದೆಡೆ ಇರಿಸಿದರೆ, ಕೀಲಿನ ಮಿತಿ ಮೀರಿತೆಂದು ಭೌತಗಣನೆಯು ಅದನ್ನು ಹಿಂದಕ್ಕೆಳೆಯುತ್ತದೆ. ಮರುಕ್ಷಣ ಸಾಧನವು ಅದನ್ನು ಮತ್ತೆ ಮುಂದಿಡುತ್ತದೆ. ಈ ಜಗ್ಗಾಟವೇ ನಡುಕವಾಗಿ ತೋರುತ್ತದೆ. ಒಂದು ಭಾಗವನ್ನು ಸ್ಥಿರಗೊಳಿಸಲು ಮರೆತರೆ ಅದು ಭಾರದಿಂದ ಜೋತುಬೀಳುವುದೂ ಉಂಟು. ಪ್ರದರ್ಶನದ ವೇಳೆ ಪ್ರತಿಯೊಂದು ಭಾಗದ ಸ್ವತಂತ್ರ ಚಲನೆಯನ್ನು ತಡೆದು, ಅಧಿಕಾರವನ್ನು ಸಾಧನವೊಂದಕ್ಕೇ ವಹಿಸುವುದು ಪರಿಹಾರ.

ಎರಡನೆಯದು ಅಂಗಗಳ ಕುಗ್ಗುವಿಕೆ. 60 ಮಾನದಷ್ಟು ಉದ್ದದ ನೇರ ತೋಳು 90 ಡಿಗ್ರಿ ತಿರುಗಬೇಕೆಂದು ಭಾವಿಸೋಣ. ಅಂಗೈಯು ವೃತ್ತಖಂಡದ ಮೇಲೆ ಸಾಗಬೇಕು. ಆದರೆ ಸಾಧನವು ಆರಂಭ ಮತ್ತು ಅಂತ್ಯದ ಸ್ಥಾನಗಳನ್ನು ಮಾತ್ರ ಅರಿತು ಅವುಗಳನ್ನು ಸರಳರೇಖೆಯಿಂದ ಜೋಡಿಸಿದರೆ, ಅಂಗೈಯು ಜ್ಯಾರೇಖೆಯ ಮೇಲೆ ಸಾಗುತ್ತದೆ. ನಡುದಾರಿಯಲ್ಲಿ ತೋಳಿನ ಉದ್ದ 60ನ್ನು 45 ಡಿಗ್ರಿಯ ಕೊಸೈನಿನಿಂದ ಗುಣಿಸಿದಷ್ಟು, ಅಂದರೆ ಸುಮಾರು 42 ಮಾತ್ರ. ನಡುವೆ ಇನ್ನೊಂದು ಭಂಗಿಯನ್ನು ಸೇರಿಸಿದರೆ ಇದು 55ಕ್ಕೆ ಏರುತ್ತದೆ; ಕೊರತೆ ತಗ್ಗುವುದೇ ಹೊರತು ನೀಗುವುದಿಲ್ಲ. ಅಂಗೈಯ ಸ್ಥಾನದ ಬದಲು ಭುಜದ ಕೀಲಿನ ತಿರುವನ್ನೇ ದಾಖಲಿಸಿ, ಆ ತಿರುವನ್ನು ಹಂತಹಂತವಾಗಿ ಹಂಚುವುದೇ ನಿಜವಾದ ಪರಿಹಾರ. ಪ್ರೌಢಶಾಲೆಯ ತ್ರಿಕೋನಮಿತಿಯಿಂದಲೇ ಬಿಡಿಸಬಹುದಾದ ಲೆಕ್ಕವಿದು.

ಮೂರನೆಯದು ವಿಪರೀತ ತಿರುವು. ತಲೆಯು 350 ಡಿಗ್ರಿಯಿಂದ 10 ಡಿಗ್ರಿಗೆ ತಿರುಗಬೇಕಾದರೆ ಸಾಗಬೇಕಾದ ದೂರ 20 ಡಿಗ್ರಿ ಮಾತ್ರ. ಸಂಖ್ಯೆಗಳ ಸರಾಸರಿಯನ್ನಷ್ಟೇ ತೆಗೆದರೆ ನಡುವಣ ಸ್ಥಿತಿ 180 ಡಿಗ್ರಿ ಎಂದಾಗಿ, ತಲೆಯು ಬೆನ್ನ ಕಡೆಗೆ ಸುತ್ತಿ ಬರುತ್ತದೆ. ಹ್ಯಾಮಿಲ್ಟನ್ನರು 1843ರಲ್ಲಿ ಕಂಡ ಕ್ವಾಟರ್ನಿಯನ್ ಎಂಬ ಗಣಿತವು ಇಂಥ ತಿರುವುಗಳಿಗೆ ಸಮೀಪದ ದಾರಿಯನ್ನು ಒದಗಿಸುತ್ತದೆ. ಚಲನಚಿತ್ರಣದಲ್ಲಿ ಅದರ ಉಪಯೋಗವನ್ನು ಕೆನ್ ಶೂಮೇಕ್ ಅವರು 1985ರಲ್ಲಿ ನಿರೂಪಿಸಿದರು.

ನಾಲ್ಕನೆಯದು ಕಾಲಭೇದ. ಆಟವು ತನ್ನ ಗಣನೆಯನ್ನು 0.015 ಸೆಕೆಂಡಿಗೊಮ್ಮೆ ನಡೆಸುತ್ತಿದೆ ಎನ್ನೋಣ. ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರದಲ್ಲಿ ಒಂದು ಚೌಕಟ್ಟಿಗೆ ಸುಮಾರು ಎರಡೂಮುಕ್ಕಾಲು ಗಣನೆಗಳು ಬೀಳುತ್ತವೆ. ಸಾಧನವು ಅದನ್ನು ಮೂರೆಂದು ಎಣಿಸಿದರೆ ಒಂದು ಸೆಕೆಂಡಿನ ಚಿತ್ರ 1.08 ಸೆಕೆಂಡು ಹಿಡಿಯುತ್ತದೆ. ಐದು ನಿಮಿಷದ ಚಿತ್ರದ ಕೊನೆಯಲ್ಲಿ ತುಟಿಗೂ ಧ್ವನಿಗೂ 24 ಸೆಕೆಂಡುಗಳ ಅಂತರ! ಗಣನೆಗಳನ್ನು ಎಣಿಸದೆ, ಕಳೆದ ಕಾಲವನ್ನೇ ಅಳೆದು ಚೌಕಟ್ಟನ್ನು ನಿರ್ಧರಿಸಬೇಕು.

ಇನ್ನು ಬೆರಳುಗಳು ಅಲುಗಲಿಲ್ಲವೆಂಬ ದೂರು. ಬೆರಳು ಆ 15 ಭಾಗಗಳಲ್ಲಿ ಸೇರಿಲ್ಲವೆಂಬುದನ್ನು ನೆನೆದರೆ ಇದರ ಉತ್ತರ ಸ್ಪಷ್ಟ. ಅವುಗಳನ್ನು ಬೇರೆಯಾಗಿಯೇ ದಾಖಲಿಸಬೇಕು.

ಶೋಧನೆಯ ಕ್ರಮ

ದೋಷ ಕಂಡೊಡನೆ ತಿದ್ದಲು ಹೊರಡುವುದು ಸಾಮಾನ್ಯ ಪ್ರವೃತ್ತಿ. ಹಲವು ಅಂಶಗಳನ್ನು ಒಮ್ಮೆಗೇ ಬದಲಿಸಿದರೆ, ದೋಷ ಮಾಯವಾದರೂ ಅದರ ಕಾರಣ ತಿಳಿಯದೆ ಉಳಿಯುತ್ತದೆ. ಕಾರಣ ತಿಳಿಯದ ದೋಷ ಮರಳಿ ಬರುತ್ತದೆ. ಆದುದರಿಂದ ಮೊದಲು ಬರಿದಾದ ರಂಗದಲ್ಲಿ ಒಂದೇ ಗೊಂಬೆ, ಎರಡೇ ಭಂಗಿಗಳೊಡನೆ ದೋಷವನ್ನು ಪುನಃ ತೋರಿಸಬೇಕು. ಇತರ ಉಪಕರಣಗಳನ್ನೆಲ್ಲ ತೆಗೆದಿರಿಸಬೇಕು. ಗೊಂಬೆಯನ್ನು ಸಂಪೂರ್ಣವಾಗಿ ಸ್ಥಿರಗೊಳಿಸಿದಾಗ ನಡುಕ ನಿಂತರೆ ಕಾರಣ ಭೌತಗಣನೆಯಲ್ಲಿದೆ. ಸ್ಥಿರಗೊಳಿಸಿದ ಮೇಲೂ ತೋಳು ಕುಗ್ಗಿದರೆ ಕಾರಣ ನಡುವಣ ಸ್ಥಿತಿಗಳ ಗಣನೆಯಲ್ಲಿದೆ. ಭಂಗಿಗಳೆಲ್ಲ ಸರಿಯಿದ್ದು ಚಿತ್ರದ ಅವಧಿ ಮಾತ್ರ ಬೆಳೆದರೆ ಕಾರಣ ಕಾಲದ ಎಣಿಕೆಯಲ್ಲಿದೆ. ಒಂದು ಬಾರಿಗೆ ಒಂದೇ ಬದಲಾವಣೆ. ಪ್ರತಿ ಬದಲಾವಣೆಗೂ ಒಂದು ಟಿಪ್ಪಣಿ. ಇದು ಪ್ರಯೋಗಶಾಲೆಯ ಶಿಸ್ತೇ ಆಗಿದೆ.

ಸುಧಾರಣೆಯ ಹೊಣೆ

ದೋಷವನ್ನು ಕಂಡುಹಿಡಿದಲ್ಲಿಗೆ ಕರ್ತವ್ಯ ಮುಗಿಯುವುದಿಲ್ಲ. ಹಳೆಯ ಸಾಧನದಿಂದ ತಿಂಗಳುಗಟ್ಟಲೆ ದುಡಿದು ಚಿತ್ರ ರಚಿಸಿದವರು ತೋಳು ಕುಗ್ಗುವುದನ್ನು ಮರೆಸಲು ನಡುನಡುವೆ ಹೆಚ್ಚಿನ ಭಂಗಿಗಳನ್ನು ಸೇರಿಸಿರುತ್ತಾರೆ. ವೇಗವನ್ನು ಕಿವಿಯ ಅಂದಾಜಿನಿಂದ ಹೊಂದಿಸಿರುತ್ತಾರೆ. ಸಾಧನವನ್ನು ಏಕಾಏಕಿ ಸರಿಪಡಿಸಿದರೆ ಅವರ ಹೊಂದಾಣಿಕೆಯೆಲ್ಲ ಹೊಸ ದೋಷವಾಗುತ್ತದೆ. ಆದಕಾರಣ ಪ್ರತಿಯೊಂದು ಕಡತದಲ್ಲಿಯೂ ಅದನ್ನು ರಚಿಸಿದ ಆವೃತ್ತಿಯ ಸಂಖ್ಯೆಯನ್ನು ನಮೂದಿಸಬೇಕು. ಹಳೆಯ ಕಡತವನ್ನು ಹಳೆಯ ಗಣನೆಯಂತೆ ನಡೆಸಿ, ಹೊಸ ಕ್ರಮಕ್ಕೆ ತರುವುದನ್ನು ಬಳಕೆದಾರರ ಇಚ್ಛೆಗೆ ಬಿಡಬೇಕು. ಪರಿವರ್ತನೆಗೆ ಮುನ್ನ ಮೂಲಪ್ರತಿಯನ್ನು ಕಾದಿರಿಸಬೇಕು.

ಹೀಗೆ ಆಟದ ಗೊಂಬೆಯೊಂದರ ಹಿಂದೆ ರೇಖಾಗಣಿತ, ತ್ರಿಕೋನಮಿತಿ ಮತ್ತು ಭೌತವಿಜ್ಞಾನಗಳು ಅಡಗಿವೆ. ಗೊಂಬೆಯ ತೋಳು ಏಕೆ ಕುಗ್ಗಿತೆಂದು ಕೇಳುವ ವಿದ್ಯಾರ್ಥಿಗೆ ಕೊಸೈನಿನ ಪಾಠವನ್ನು ಕಲಿಸಲು ಅದಕ್ಕಿಂತ ತಕ್ಕ ಸಂದರ್ಭ ಬೇರೆ ದೊರೆಯದು. ದೋಷವನ್ನು ಹುಡುಕುವ ಜಾಣ್ಮೆಯೊಡನೆ, ಅನ್ಯರ ದುಡಿಮೆ ಕೆಡದಂತೆ ಅದನ್ನು ತಿದ್ದುವ ಎಚ್ಚರವೂ ಕೂಡಿದಾಗ ಮಾತ್ರ ಸುಧಾರಣೆಯೆಂಬ ಹೆಸರು ಸಾರ್ಥಕವಾಗುತ್ತದೆ.